ಎಣಿಕೆ ಅಕ್ಕನ ಹತ್ತರ ಕಟ್ಟು

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಉರಿಯುತ್ತದೆ. ಉದ್ದನೆಯ ಮೇಜಿನ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಬಂದು ನಿಲ್ಲುತ್ತಾರೆ. ನೀಲಿ ಕೋಟಿನ ಮೇಲೆ, ಹೊಟ್ಟೆಗೆ ಅಗಲವಾದ ಬೆಲ್ಟು ಬಿಗಿದಿದೆ. ಮೊದಲು ಕೈ ತೊಳೆಯುತ್ತಾರೆ, ಆಮೇಲೆ ಮೇಜು ಒರೆಸುತ್ತಾರೆ, ಮತ್ತೆ ಕೈ ತೊಳೆಯುತ್ತಾರೆ. ಬೀರುವಿನ ಕೆಳಗಿನ ಖಾನೆಯಿಂದ ಬಟ್ಟೆಯ ಸುರುಳಿ ಎತ್ತಿಕೊಡಲು ಜೊತೆ ಕೆಲಸದವಳು ಬರುವವರೆಗೆ ಕಾಯುತ್ತಾರೆ. ಎರಡು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದೆಂದು ವೈದ್ಯರು ಹೇಳಿ ಒಂಬತ್ತು ವರ್ಷವಾಯಿತು. ಹಾಗೆಂದು ಹೇಳಿದವರು ಬೇರೆ ಆಸ್ಪತ್ರೆಯ ವೈದ್ಯರು. ಎತ್ತಲಾಗದಂತೆ ಮಾಡಿದ್ದು ಇದೇ ಆಸ್ಪತ್ರೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಎಣಿಕೆ ಅಕ್ಕ ಎಂದು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತದೆ. ಜಾಳುಜಾಳಾದ ಬಿಳಿ ಗಾಜ್ ಬಟ್ಟೆಯನ್ನು ಚೌಕಕ್ಕೆ ಕತ್ತರಿಸುವುದು, ನಾಲ್ಕು ಪದರ ಮಡಿಸಿ ಅಂಚು ಹೊಲಿಯುವುದು, ಮೂಲೆಗೊಂದು ಗಟ್ಟಿ ನಾಡಾ ಪಟ್ಟಿ ಹಚ್ಚುವುದು, ಹತ್ತನ್ನು ಸೇರಿಸಿ ಕಟ್ಟು ಕಟ್ಟುವುದು ಅವರ ಕೆಲಸ. ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೀರಲು, ಕರುಳನ್ನು ಪಕ್ಕಕ್ಕೆ ಸರಿಸಿ ಹಿಡಿಯಲು ಈ ಬಟ್ಟೆ ಒಳಗೆ ಹೋಗುತ್ತದೆ. ಮೂಲೆಯ ನಾಡಾ ಹೊರಗೆ ಇಳಿಬಿದ್ದಿರಬೇಕು, ಬಟ್ಟೆ ಒಳಗೇ ಮರೆತುಹೋಗದಿರಲಿ ಅಂತ. ಕೋಣೆಯವರು ಅದನ್ನು ಬಾಲ ಎನ್ನುತ್ತಾರೆ.

ಎಣಿಸುವಾಗ ಅಕ್ಕನ ತುಟಿ ಅಲ್ಲಾಡುವುದಿಲ್ಲ. ಐದು ಬಟ್ಟೆಗಳ ಮಡಿಕೆ ಎಡಕ್ಕೆ, ಐದರ ಮಡಿಕೆ ಬಲಕ್ಕೆ. ಎರಡನ್ನೂ ಎದುರುಬದುರು ಸೇರಿಸಿ ನೂಲು ಸುತ್ತಿ ಗಂಟು ಹಾಕಿದರೆ ಹತ್ತರ ಕಟ್ಟು. ದಿನಕ್ಕೆ ನಲವತ್ತು ಕಟ್ಟು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ಕೊಟ್ಟಮೇಲೆ ಕೈಯಲ್ಲಿದ್ದ ಕಟ್ಟನ್ನು ಬಿಚ್ಚಿ ಒಂದರಿಂದ ಶುರು ಮಾಡುತ್ತಾರೆ. ಅದಕ್ಕೇ ಈ ಕೋಣೆಗೆ ಬಂದವರು ಬಾಗಿಲಲ್ಲೇ ನಿಂತು, ಗಂಟು ಬೀಳುವುದನ್ನು ನೋಡಿಕೊಂಡು ಬಾಯಿ ಬಿಡುತ್ತಾರೆ. ದೊಡ್ಡ ವೈದ್ಯರು ಬಂದರೂ ಅಷ್ಟೇ.

“ಮನೇಲೂ ಇದೇ ಕಥೆ,” ಎನ್ನುತ್ತಾರೆ ಬಸ್ ಡಿಪೋದಲ್ಲಿ ಟೈರು ಬದಲಿಸುವ ಅವರ ಯಜಮಾನರು. “ಮೆಟ್ಲು ಎಣಿಸ್ತಾಳೆ, ಬಟ್ಟೆ ಒಣಗಿಸೋ ಕ್ಲಿಪ್ಪು ಎಣಿಸ್ತಾಳೆ. ಇಪ್ಪತ್ತಾರು ವರ್ಷ ಆಯ್ತು ಮದ್ವೆಯಾಗಿ, ನಾನು ಎಷ್ಟು ಸುಳ್ಳು ಹೇಳಿದೀನಿ ಅಂತ ಕೇಳಿ ನೋಡಿ, ಅದೂ ಹೇಳ್ತಾಳೆ.”

ಅಕ್ಕ ನಗುತ್ತಾರೆ. ಪೂರ್ತಿ ನಗುವುದಿಲ್ಲ, ನಕ್ಕರೆ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಒಂಬತ್ತು ವರ್ಷಗಳ ಹಿಂದೆ ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅಕ್ಕನಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಹೆದರಿಕೆಯೇ ಇರಲಿಲ್ಲವಂತೆ. ಥಿಯೇಟರಿನ ಬಾಗಿಲಲ್ಲಿ ಗಾಲಿ ಮಂಚದ ಮೇಲೆ ಮಲಗಿದ್ದಾಗ ಮುಖ್ಯ ನರ್ಸು, ಎಲ್ಲರೂ ದೊಡ್ಡ ಸಿಸ್ಟರ್ ಎಂದು ಕರೆಯುತ್ತಿದ್ದವರು, ಕೆನ್ನೆ ತಟ್ಟಿ “ನೋಡೇ, ಇವತ್ತು ನಿನ್ನ ಬಟ್ಟೆ ನಿನಗೇ” ಎಂದು ತಮಾಷೆ ಮಾಡಿದ್ದರು. ಇವರೂ ನಕ್ಕಿದ್ದರು. ಅಷ್ಟರಲ್ಲಿ ಮಂಪರು ಹತ್ತಿತು.

ಆಮೇಲಿನ ನಾಲ್ಕು ತಿಂಗಳು ಹೊಟ್ಟೆನೋವು. ಆಪರೇಷನ್ ಮಾಡಿದ ವೈದ್ಯರ ಹತ್ತಿರ ಐದು ಸಲ ಹೋದರು. ಮೊದಲ ಸಲ ಗ್ಯಾಸ್ಟ್ರಿಕ್ ಅಂದರು, ಎರಡನೇ ಸಲ ಹೊಲಿಗೆ ಎಳೆಯುತ್ತಿದೆ ಅಂದರು, ಮೂರನೇ ಸಲ ಹೊತ್ತು ಹೊತ್ತಿಗೆ ಊಟ ಮಾಡಿ ಅಂದರು. ನಾಲ್ಕನೇ ಸಲ ಕತ್ತೆತ್ತಿ ನೋಡಲಿಲ್ಲ. ಐದನೇ ಸಲ, ಮನಸ್ಸಿನ ವೈದ್ಯರನ್ನು ಕಂಡರೆ ಒಳ್ಳೆಯದು ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಈಗಲೂ ಕಡತದಲ್ಲಿದೆ. ಒಂದು ಬೆಳಗ್ಗೆ ಈ ಮೇಜಿನ ಮುಂದೆಯೇ ಅಕ್ಕ ಕುಸಿದು ಬಿದ್ದರು. ಯಜಮಾನರು ಇಲ್ಲಿನ ವಾರ್ಡಿಗೆ ಸೇರಿಸಲು ಒಪ್ಪದೆ ಆಟೋ ಹಿಡಿದು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಸ್ಕ್ಯಾನ್ ಮಾಡಿದರು, ಹೊಟ್ಟೆ ತೆರೆದರು, ಕರುಳಿಗೆ ಅಂಟಿ ಕೊಳೆತಿದ್ದ ಒಂದು ಗಾಜ್ ಬಟ್ಟೆ ತೆಗೆದರು. ಜೊತೆಗೆ ಒಂದು ಗೇಣು ಕರುಳೂ ಹೋಯಿತು.

ಅಂದಿನಿಂದ ಒಮ್ಮೆಗೆ ನಾಲ್ಕು ತುತ್ತಿಗಿಂತ ಹೆಚ್ಚು ತಿನ್ನುವಂತಿಲ್ಲ. ಕೊಯ್ದ ಜಾಗದ ಸ್ನಾಯು ಸಡಿಲವಾಗಿ ಕರುಳು ಮುಂದಕ್ಕೆ ಉಬ್ಬಿದೆ, ಬೆಲ್ಟು ಇರುವುದು ಅದನ್ನು ತಡೆಯಲು. ಉಬ್ಬಿದ ಜಾಗಕ್ಕೆ ಬಲೆಯಂಥ ಪಟ್ಟಿ ಇಟ್ಟು ಹೊಲಿಯುವ ಮೂರನೇ ಶಸ್ತ್ರಚಿಕಿತ್ಸೆ ಆಗಲೇಬೇಕು, ಅದಕ್ಕೆ ಬೇಕಾದ ಹಣ ಈ ಜನ್ಮದ ಸಂಬಳದಲ್ಲಿ ಹುಟ್ಟುವುದಿಲ್ಲ. ಪರಿಹಾರ ಕೇಳಿ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿದ್ದು ಆ ಕಾರಣಕ್ಕೆ.

ಎಂಟು ವರ್ಷದಲ್ಲಿ ಎಷ್ಟು ಸಲ ಕೋರ್ಟು ಹತ್ತಿದಿರಿ ಎಂದು ಕೇಳಿದರೆ ಅಕ್ಕ ತಮ್ಮದೇ ಲೆಕ್ಕದಲ್ಲಿ ಹೇಳುತ್ತಾರೆ. “ಆರು ಕಟ್ಟು, ಮೇಲೆ ಮೂರು.” ಅರವತ್ಮೂರು ಸಲ. ಅದರಲ್ಲಿ ನಾಲ್ಕು ಕಟ್ಟು, ಮೇಲೆ ಒಂದು, ಬರೀ ಮುಂದಿನ ತಾರೀಖು ಕೇಳಿಕೊಂಡು ಬಂದದ್ದು. ಮೊದಲಿನ ವಕೀಲರು ಊರು ಬಿಟ್ಟರು, ಎರಡನೆಯವರು ಕೇಸು ಬಿಟ್ಟರು. ಈಗಿರುವ ವಕೀಲಮ್ಮ ಮೂರನೆಯವರು. ಯಜಮಾನರು ಪ್ರತಿ ಸಲ ಕಡತದ ಚೀಲ ಹೊತ್ತು ಜೊತೆಗೆ ಹೋಗುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಕೂತ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಾರೆ. ಹೆಂಡತಿಯ ಹೆಸರು ಕೂಗಿದರೆ ಮಾತ್ರ ಏಳುತ್ತಾರೆ.

ಮೊದಲ ಎರಡು ವರ್ಷ ಒಂದೇ ಪ್ರಶ್ನೆಯಲ್ಲಿ ಕಳೆಯಿತು: ಈಕೆ ಗ್ರಾಹಕರೋ ಅಲ್ಲವೋ. ಸಿಬ್ಬಂದಿಗೆ ರಿಯಾಯಿತಿಯಲ್ಲಿ ಮಾಡಿದ ಆಪರೇಷನ್, ಹಾಗಾಗಿ ಗ್ರಾಹಕರಲ್ಲ ಎಂದು ಆಸ್ಪತ್ರೆ ವಾದಿಸಿತು. ಸಂಬಳದಿಂದ ತಿಂಗಳು ತಿಂಗಳೂ ಮುರಿದುಕೊಂಡ ಚೀಟಿ ತೋರಿಸಿ ಗ್ರಾಹಕರು ಅನ್ನಿಸಿಕೊಂಡದ್ದಾಯಿತು. “ಹೊಟ್ಟೆ ಕೊಯ್ಸಿಕೊಂಡ್ರೆ ಸಾಲ್ದು, ನಾವು ಗಿರಾಕಿ ಅಂತ ಬೇರೆ ಪ್ರೂಫು ಕೊಡ್ಬೇಕು,” ಎನ್ನುತ್ತಾರೆ ಅಕ್ಕ, ದಾರದ ತುದಿಯನ್ನು ಹಲ್ಲಿನಲ್ಲಿ ಕಡಿಯುತ್ತ.

ಇಷ್ಟಾದರೂ ಕೆಲಸ ಇದೇ ಆಸ್ಪತ್ರೆಯಲ್ಲೇ. ಬಿಟ್ಟು ಎಲ್ಲಿಗೆ ಹೋಗುವುದು? ಭಾರ ಎತ್ತಲಾಗದ, ತಾಸಿಗೊಮ್ಮೆ ಶೌಚಕ್ಕೆ ಹೋಗಬೇಕಾದ ಹೆಂಗಸನ್ನು ಹೊಸದಾಗಿ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಆಸ್ಪತ್ರೆಯೂ ತೆಗೆದುಹಾಕಿಲ್ಲ, ಕೇಸು ನಡೆಯುವಾಗ ತೆಗೆದರೆ ಹಗೆ ಸಾಧಿಸಿದ ಹಾಗೆ ಕಾಣುತ್ತದೆ ಎಂದು ಅವರ ವಕೀಲರೇ ಹೇಳಿದ್ದಾರಂತೆ. ಕೋರ್ಟಿನ ದಿನ ಅಕ್ಕ ರಜೆ ಚೀಟಿ ಬರೆಯುತ್ತಾರೆ. ಕಾರಣ ಎಂಬ ಜಾಗದಲ್ಲಿ ‘ಸ್ವಂತ ಕೆಲಸ’ ಎಂದಿರುತ್ತದೆ. ಮೇಲ್ವಿಚಾರಕರು ಸಹಿ ಹಾಕಿ, ಕಣ್ಣು ತಪ್ಪಿಸಿ, ಚೀಟಿ ವಾಪಸು ತಳ್ಳುತ್ತಾರೆ.

ನಿಜವಾದ ಪೆಟ್ಟು ಮೂರನೇ ವರ್ಷ ಬಂತು, ಆಸ್ಪತ್ರೆಯ ಲಿಖಿತ ಉತ್ತರದ ರೂಪದಲ್ಲಿ. ಥಿಯೇಟರಿನಲ್ಲಿ ಎಣಿಕೆ ಮಾಡುವುದು ಕಟ್ಟುನಿಟ್ಟಿನ ಪದ್ಧತಿ. ಹೊಟ್ಟೆ ತೆರೆಯುವ ಮೊದಲು ಇಬ್ಬರು ನರ್ಸುಗಳು ಕಟ್ಟು ಬಿಚ್ಚಿ ಗಟ್ಟಿಯಾಗಿ ಎಣಿಸಬೇಕು, ಹೊಟ್ಟೆ ಹೊಲಿಯುವ ಮೊದಲು ಮತ್ತೆ ಎಣಿಸಬೇಕು, ಎರಡನ್ನೂ ನೋಂದಣಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅಂದಿನ ಪುಟದಲ್ಲಿ ಮೊದಲೂ ಹತ್ತು, ಕೊನೆಗೂ ಹತ್ತು ಎಂದಿದೆ. ಹತ್ತು ಹೋಗಿ ಹತ್ತು ಬಂದಮೇಲೆ ಒಳಗೆ ಉಳಿದದ್ದು ಯಾವುದು? ಹನ್ನೊಂದನೆಯದು. ಕಟ್ಟಿನಲ್ಲಿ ಎರಡು ಬಟ್ಟೆ ಒಂದಕ್ಕೊಂದು ಅಂಟಿಕೊಂಡು ಎಣಿಕೆಗೆ ಸಿಗದೇ ಹೋಗಿರಬೇಕು. ಆ ಕಟ್ಟು ಕಟ್ಟಿದ ಕೋಣೆಯಲ್ಲಿ ಕೆಲಸ ಮಾಡುವವರು ದೂರುದಾರರೇ ಆಗಿರುವುದರಿಂದ, ತಪ್ಪು ಅವರದೇ. ಹೀಗೆ ಗೂಬೆಯನ್ನು ನಾಜೂಕಾಗಿ ಅಕ್ಕನ ತಲೆಯ ಮೇಲೆ ಕೂರಿಸಲಾಯಿತು.

“ಓದಿ ಹೇಳ್ದಾಗ ನಗು ಬಂತು ಮೊದ್ಲು,” ಎನ್ನುತ್ತಾರೆ ಅಕ್ಕ. “ಆಮೇಲೆ ಮನೆಗೆ ಬಂದು ಕೂತೆ. ಹನ್ನೊಂದು ಹಾಕಿರ್ಬೋದಾ ನಾನು? ಯಾರಾದ್ರೂ ನಡುವೆ ಮಾತಾಡ್ಸಿದ್ರಾ ಅವತ್ತು? ದಿನಾ ನಲವತ್ತು ಕಟ್ಟು ಕಟ್ತೀನಿ. ಆ ಒಂದು ಕಟ್ಟು ನೆನಪಿಟ್ಕೊಳ್ಳೋದು ಹೇಗೆ ಹೇಳಿ? ನೋವಾದ್ರೂ ತಡ್ಕೋಬೋದು. ಇದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ.”

ಈ ಅನುಮಾನ ಬೆಳೆಯಲು ಇನ್ನೊಂದು ಕಾರಣವಿತ್ತು. ಹೊಟ್ಟೆಯಿಂದ ತೆಗೆದ ಬಟ್ಟೆಯನ್ನು ಆ ಇನ್ನೊಂದು ಆಸ್ಪತ್ರೆಯವರು ತಟ್ಟೆಯಲ್ಲಿ ಹರಡಿ ಫೋಟೋ ತೆಗೆದಿದ್ದರು. ಮೂಲೆಯ ಬಾಲ ಸ್ಪಷ್ಟವಾಗಿ ಕಾಣುತ್ತದೆ. ಬಾಲ ಹೊಲಿಯುವುದು ಕೈಯಲ್ಲಿ, ಆಗ ಕೋಣೆಯಲ್ಲಿದ್ದ ಮೂವರದೂ ಮೂರು ರೀತಿ. ಅಕ್ಕ ನಾಲ್ಕು ಹೊಲಿಗೆ ಮುಂದಕ್ಕೆ ಹಾಕಿ ಐದನೆಯದನ್ನು ಹಿಂದಕ್ಕೆ ತಂದು ಗಂಟು ಮುಚ್ಚುತ್ತಾರೆ. ಎಷ್ಟು ಎಳೆದರೂ ಬಾಲ ಕಿತ್ತು ಬರಬಾರದೆಂದು ಅವರೇ ಕಂಡುಕೊಂಡ ಉಪಾಯ. ಫೋಟೋ ಮೊದಲ ಸಲ ಕೈಗೆ ಬಂದಾಗಲೇ ಅವರಿಗೆ ಗುರುತು ಹತ್ತಿತ್ತು. ವಕೀಲಮ್ಮನಿಗೆ ಹೇಳಿದರು. ವಕೀಲಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, “ಅಕ್ಕ, ಇದನ್ನ ನಿಮ್ಮ ಬಾಯಿಂದ ಯಾರೂ ಕೇಳ್ಬಾರ್ದು. ನಿಮ್ಮ ಕೈಯಿಂದ ಬಂದ ಕಟ್ಟು ಅಂತ ಅವರು ಸಾಬೀತು ಮಾಡ್ಬೇಕು. ಮಾಡೋಕೆ ಆಗಲ್ಲ. ಯಾರದು ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನಿ, ಸಾಕು,” ಎಂದರು.

ಐದು ವರ್ಷ ಯಾರೂ ಕೇಳಲಿಲ್ಲ. ಕೇಳಿದ್ದು ಮೂರು ತಿಂಗಳ ಹಿಂದೆ, ಪಾಟೀಸವಾಲಿನ ದಿನ. ಆಸ್ಪತ್ರೆಯ ವಕೀಲರು ಫೋಟೋವನ್ನು ದೊಡ್ಡದು ಮಾಡಿಸಿಕೊಂಡು ಬಂದಿದ್ದರು. ಬಾಲದ ಮೇಲೆ ಪೆನ್ನಿಟ್ಟು, “ಈ ಹೊಲಿಗೆ ಯಾರದು ಅಂತ ಹೇಳೋಕಾಗುತ್ತಾ?” ಎಂದರು.

ಅಕ್ಕ ಕಟಕಟೆಯ ಮರದ ಅಂಚು ಹಿಡಿದು ನಿಂತಿದ್ದರು. ನಿಂತು ಒಂದು ತಾಸಾಗಿತ್ತು, ಬೆಲ್ಟಿನ ಕೆಳಗೆ ನೋವು ಎದ್ದಿತ್ತು. ವಕೀಲಮ್ಮ ಕಡತದೊಳಗೆ ಮುಖ ಹುದುಗಿಸಿಕೊಂಡಿದ್ದರು.

“ನಂದೇ,” ಎಂದರು ಅಕ್ಕ.

ಹಿಂದಿನ ಬೆಂಚಿನಲ್ಲಿ ಯಜಮಾನರಿಗೆ ಎಚ್ಚರವಾಯಿತು. ಹೆಸರು ಕೂಗದೆಯೇ ಅವರು ಎದ್ದದ್ದು ಅದೊಂದೇ ಸಲ.

“ಹಾಗಾದ್ರೆ ಹನ್ನೊಂದನೇ ಬಟ್ಟೆ ಹಾಕಿದ್ದೂ ನೀವೇ?”

“ಹೊಲಿಗೆ ನಂದು. ಹತ್ತೂ ನಂದು. ಹನ್ನೊಂದನೇದು ನಂದಲ್ಲ.”

ಹೊರಗೆ ಬಂದಮೇಲೆ ವಕೀಲಮ್ಮ ಕಡತವನ್ನು ಚೀಲಕ್ಕೆ ತುರುಕಿದರು. “ನನ್ನ ಮುಖ ಏನು ನೋಡ್ತೀರ, ಮನೆಗೆ ಹೋಗಿ ಮಲ್ಕೊಳ್ಳಿ,” ಎಂದು ಆಟೋ ಹತ್ತಿಸಿದರು. ಯಾಕೆ ಹಾಗೆ ಹೇಳಿದೆ ಎಂದು ಯಜಮಾನರು ಆಟೋದಲ್ಲಿ ಒಂದು ಸಲ ಕೇಳಿದರು, ಮತ್ತೆ ಕೇಳಲಿಲ್ಲ. ಈಗ ಅದೇ ಪ್ರಶ್ನೆ ಕೇಳಿದರೆ ಅಕ್ಕ ಕತ್ತರಿ ಕೆಳಗಿಡುತ್ತಾರೆ.

“ನನ್ನ ಹೊಲಿಗೆ ನಂದಲ್ಲ ಅಂತ ಹೇಗನ್ಲಿ? ಹತ್ತೊಂಬತ್ತು ವರ್ಷ ಹಾಕಿದೀನಿ. ಹನ್ನೊಂದನೇದು ನಂದಲ್ಲ ಅಂದ್ನಲ್ಲ, ಅದು ಬಾಯಲ್ಲಿ ಅಂದಿದ್ದು ಅಷ್ಟೇ. ನಿಜ ಹೇಳ್ತೀನಿ, ಒಳಗೆ ನನಗೇ ಗೊತ್ತಿರ್ಲಿಲ್ಲ.”

ಆ ಮಾತು ಆಸ್ಪತ್ರೆಯ ಕ್ಯಾಂಟೀನಿಗೆ ಬಂತು, ಕ್ಯಾಂಟೀನಿನಿಂದ ಮನೆಮನೆಗೆ ಹೋಯಿತು. ನಿವೃತ್ತಿಯಾಗಿ ಎರಡು ವರ್ಷವಾಗಿದ್ದ ದೊಡ್ಡ ಸಿಸ್ಟರ್ ಕಿವಿಗೂ ಬಿತ್ತು. ಮುಂದಿನ ತಾರೀಖಿಗೆ ಅವರು ಕೋರ್ಟಿನ ಮೆಟ್ಟಿಲ ಬಳಿ ಒಬ್ಬರೇ ನಿಂತಿದ್ದರು, ಕೈಯಲ್ಲಿ ಕೊಡೆ. ಸಾಕ್ಷಿ ಹೇಳುತ್ತೇನೆ ಎಂದರು. ವಕೀಲಮ್ಮ ಓಡಿ ಹೋಗಿ ಅರ್ಜಿ ಬರೆದರು. ಅನುಮತಿ ಸಿಗಲು ಮತ್ತೆರಡು ತಾರೀಖು ಹಿಡಿಯಿತು. ಆ ಎರಡು ತಾರೀಖಿಗೂ ದೊಡ್ಡ ಸಿಸ್ಟರ್ ತಪ್ಪದೆ ಬಂದು ಕೂತರು.

ಕಟಕಟೆಯಲ್ಲಿ ಅವರು ಹೇಳಿದ್ದು ಇಷ್ಟು. ಅಂದು ಹೊಟ್ಟೆ ತೆರೆಯುವ ಮೊದಲು ಎಣಿಸಲಿಲ್ಲ. ಬೇರೆಯವರ ಕಟ್ಟಾದರೆ ಎಣಿಸುತ್ತಿದ್ದರು. ಎಣಿಕೆ ಅಕ್ಕನ ಕಟ್ಟು ಎಂದು ನೂಲಿನ ಗಂಟು ನೋಡಿಯೇ ಗೊತ್ತಾಗುತ್ತಿತ್ತು, ಅದನ್ನು ಎಣಿಸುವ ಅಭ್ಯಾಸವೇ ಥಿಯೇಟರಿನಲ್ಲಿ ತಪ್ಪಿಹೋಗಿತ್ತು. ನೇರವಾಗಿ ಹತ್ತು ಎಂದು ಬರೆದರು. ಕೊನೆಯಲ್ಲಿ ಮಾತ್ರ ಎಣಿಸಿದರು, ಒಂಬತ್ತು ಬಂತು. ಬಕೆಟ್ಟು ನೋಡಿದರು, ಮೇಜಿನ ಕೆಳಗೆ ನೋಡಿದರು. ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರು. ವೈದ್ಯರು ಸೂಜಿ ಹಿಡಿದು, “ಎಣಿಕೆ ಅಕ್ಕನೂ ಮನುಷ್ಯಳೇ ತಾನೆ, ಒಂಬತ್ತೇ ಕಟ್ಟಿರ್ತಾಳೆ, ಬರ್ಕೊಳ್ಳಿ,” ಎಂದರು. ಬರೆದುಕೊಂಡರು. ಮೊದಲ ಹತ್ತಿಗೆ ಹೊಂದಲೆಂದು ಎರಡನೆಯದೂ ಹತ್ತಾಯಿತು.

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಬಂದಿರಿ ಎಂದು ಆಸ್ಪತ್ರೆಯ ವಕೀಲರು ದಬಾಯಿಸಿದರು. ದೊಡ್ಡ ಸಿಸ್ಟರ್ ದನಿ ಏರಿಸಲಿಲ್ಲ. “ಅವಳು ತನ್ನ ಹೊಲಿಗೆ ಒಪ್ಕೊಂಡ್ಲಂತೆ. ಪುಸ್ತಕದಲ್ಲಿರೋ ಸಹಿ ನಂದು. ನಾನು ಹೇಗೆ ಅಲ್ಲ ಅನ್ಲಿ?”

ಅಂದರೆ, ಮೇಜಿನ ಮೇಲೆ ಹೊಟ್ಟೆ ತೆರೆದು ಮಲಗಿದ್ದ ಹೆಂಗಸಿನ ಕಟ್ಟಿನಲ್ಲಿ ಅಂದು ಒಂದು ಕಡಿಮೆಯಾಯಿತು. ಅದೇ ಹೆಂಗಸು ಪರಿಹಾರ ಕೇಳಿದಾಗ ಅದೇ ಕಟ್ಟಿನಲ್ಲಿ ಒಂದು ಹೆಚ್ಚಾಯಿತು. ಅದರಲ್ಲಿ ಸರಿಯಾಗಿ ಹತ್ತೇ ಇದ್ದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಇದನ್ನು ಕೇಳಿಸಿಕೊಂಡು ಸಿಟ್ಟು ಬರದಿರುವುದು ಸಾಧ್ಯವಿಲ್ಲ.

ಅಕ್ಕನಿಗೂ ಬಂದಿದೆ. ಆ ವೈದ್ಯರು ಈಗ ಬೇರೆ ಕಡೆ ಇದ್ದಾರೆ, ಅರವತ್ಮೂರು ತಾರೀಖಿನಲ್ಲಿ ಒಂದಕ್ಕೂ ಮುಖ ತೋರಿಸಿಲ್ಲ. “ಅವ್ರ ಮೇಲೆ ಸಿಟ್ಟಿದೆ. ಯಾಕಿರ್ಬಾರ್ದು? ಸಿಸ್ಟರ್ ಮೇಲೂ ಇದೆ. ಏಳು ವರ್ಷ ಒಂದೇ ಕಾರಿಡಾರಲ್ಲಿ ಟೀ ಕುಡಿದಿದೀವಿ ನಾವು. ಹೊಟ್ಟೆನೋವು ಅಂತ ನಾನು ಒದ್ದಾಡ್ತಿದ್ದಾಗ್ಲೇ ಒಂದು ಮಾತು ಹೇಳಿದ್ರೆ ನನ್ನ ಕರುಳಾದ್ರೂ ಉಳೀತಿತ್ತು.” ಅಂದು ಸಾಕ್ಷಿ ಮುಗಿಸಿ ಹೊರಬಂದ ಸಿಸ್ಟರ್ ಮೆಟ್ಟಿಲ ಮೇಲೆ ಪಕ್ಕದಲ್ಲಿ ಬಂದು ಕೂತಾಗ ಅಕ್ಕ ಮುಖ ತಿರುಗಿಸಿಕೊಂಡರು. ಎದ್ದು ಹೋಗಲಿಲ್ಲ. ಗೋಡೆಗೆ ಒರಗಿ ಅಳುತ್ತಿದ್ದರು. ನೋವಿಗೆ ಅಳುತ್ತಿದ್ದಾರೆಂದು ಯಜಮಾನರು ಮಾತ್ರೆ ಹುಡುಕುತ್ತ ಚೀಲವನ್ನೆಲ್ಲ ಬರಿದು ಮಾಡಿದರು.

“ನಮ್ಮೆಜಮಾನ್ರಿಗೆ ಹೇಗೆ ಹೇಳ್ಲಿ,” ಎನ್ನುತ್ತಾರೆ ಅಕ್ಕ. “ಕೊನೇಲಿ ಒಂಬತ್ತು ಬಂತು ಅಂದ್ರಲ್ಲ ಸಿಸ್ಟರ್, ಅವಾಗ್ಲೇ ಗೊತ್ತಾಗಿದ್ದು ನನಗೆ. ಒಂಬತ್ತು ಹೊರಗೆ, ಒಂದು ಒಳಗೆ.”

ತೀರ್ಪು ಮುಂದಿನ ವಾರ. ಗೆದ್ದರೂ ಆಸ್ಪತ್ರೆ ಮೇಲಿನ ಕೋರ್ಟಿಗೆ ಹೋಗುತ್ತದೆ ಎಂದು ವಕೀಲಮ್ಮ ಈಗಲೇ ಹೇಳಿಟ್ಟಿದ್ದಾರೆ. ಅಂದರೆ ಇನ್ನೂ ಕೆಲವು ಕಟ್ಟು ತಾರೀಖುಗಳು, ಇನ್ನಷ್ಟು ರಜೆ ಚೀಟಿಗಳು. ಬೆಲ್ಟು ಸಡಿಲವಾಗಿದೆ, ಹೊಸದು ಕೊಳ್ಳಬೇಕು. ಮೂರನೇ ಶಸ್ತ್ರಚಿಕಿತ್ಸೆಯನ್ನು ಹೆಚ್ಚು ದಿನ ಮುಂದೂಡಿದರೆ ಕರುಳು ಸಿಕ್ಕಿಕೊಳ್ಳಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ದಣಿವಾಗುವುದಿಲ್ಲವೇ ಎಂದರೆ, “ಆಗುತ್ತೆ. ಬೆಳಗ್ಗೆ ಏಳುವಾಗ್ಲೇ ಆಗಿರುತ್ತೆ,” ಎನ್ನುತ್ತಾರೆ, ಮತ್ತೆ ಬಟ್ಟೆ ಎಳೆದುಕೊಳ್ಳುತ್ತಾರೆ.

ಪರಿಹಾರ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಮೊದಲ ಉತ್ತರ ಹೊಟ್ಟೆ ಹೊಲಿಸಿಕೊಳ್ಳುವುದು. ಎರಡನೆಯದಕ್ಕೆ ಸ್ವಲ್ಪ ಹಿಂಜರಿಯುತ್ತಾರೆ. “ಎಷ್ಟು ಕೊಡ್ತಾರೋ ಕೊಡ್ಲಿ. ತೀರ್ಪಿನಲ್ಲಿ ಒಂದು ಸಾಲು ಬರೀಬೇಕು ಅಂತ ಆಸೆ. ಕಟ್ಟಿನಲ್ಲಿ ಹತ್ತೇ ಇತ್ತು ಅಂತ. ಅದೊಂದು ಬರೆದ್ರೆ ಸಾಕು, ಆ ಹಾಳೇನ ಈ ಕೋಣೆ ಗೋಡೆಗೆ ಅಂಟಿಸ್ತೀನಿ. ಕೆಲ್ಸದಿಂದ ತೆಗೆದ್ರೂ ಪರ್ವಾಗಿಲ್ಲ.”

ಏಳು ಗಂಟೆಗೆ ಕಟ್ಟುಗಳನ್ನು ಹೊರಗೆ ಕೊಡುವ ಕಿಟಕಿ ತೆರೆಯುತ್ತದೆ. ಥಿಯೇಟರಿನ ಹೊಸ ಸಿಸ್ಟರ್ ಟ್ರೇ ಹಿಡಿದು ಬಂದಿದ್ದಾಳೆ. ಕಟ್ಟುಗಳನ್ನು ಹಬೆಯಲ್ಲಿ ಶುದ್ಧ ಮಾಡಲು ಒಯ್ಯಬೇಕು, ಅವಸರದಲ್ಲಿದ್ದಾಳೆ. ಅಕ್ಕ ಮೊದಲ ಕಟ್ಟನ್ನು ಕಿಟಕಿಯಲ್ಲಿ ಚಾಚುತ್ತಾರೆ. ಅವಳು ಹಿಡಿಯುತ್ತಾಳೆ, ಅಕ್ಕ ಬಿಡುವುದಿಲ್ಲ.

“ಎಣಿಸಮ್ಮ.”

“ಅಯ್ಯೋ, ನಿಮ್ಮ ಕಟ್ಟನ್ನ ಎಣಿಸೋದೇನಕ್ಕ? ಎಲ್ರೂ ಹೇಳ್ತಾರೆ, ಎಣಿಕೆ ಅಕ್ಕನ ಕಟ್ಟು ಅಂದ್ರೆ...”

“ಅದಕ್ಕೇ ಹೇಳ್ತಿದೀನಿ. ಇಲ್ಲೂ ಎಣಿಸು, ಮೇಲೆ ಬಿಚ್ಚಿದ್ಮೇಲೆ ಅಲ್ಲೂ ಎಣಿಸು. ಬಾಯ್ಬಿಟ್ಟು.”

ಹುಡುಗಿ ಒಮ್ಮೆ ಗಡಿಯಾರ ನೋಡುತ್ತಾಳೆ. ಆಮೇಲೆ ಹೆಬ್ಬೆರಳಿನಿಂದ ಮಡಿಕೆಗಳ ಅಂಚನ್ನು ಒಂದೊಂದೇ ಸರಿಸುತ್ತ ಎಣಿಸುತ್ತಾಳೆ. ಅಕ್ಕನ ಕೈ ಇನ್ನೊಂದು ತುದಿಯಲ್ಲಿ ಹಾಗೇ ಇದೆ, ಕಣ್ಣು ಅವಳ ಹೆಬ್ಬೆರಳಿನ ಮೇಲೆ.

“ಎಂಟು, ಒಂಬತ್ತು, ಹತ್ತು. ಹತ್ತೇ ಇದೆ ಅಕ್ಕ.”

“ಗೊತ್ತು,” ಎನ್ನುತ್ತಾರೆ ಎಣಿಕೆ ಅಕ್ಕ, ಕೈ ಬಿಡುತ್ತ. “ಇನ್ನೊಂದು ತಗೋ.”